ಕೊರೊನಾ ಯಾರ ಮನೆಗೆ ಮೊದಲು ಬಂತು?

ಜಮಖಂಡಿಯ ಮಾಸ್ತರರೇ, ನಮಸ್ಕಾರ.

ಅಮೆರಿಕದಲ್ಲಿ ಕೊರೊನಾಕ್ಕೆ ಕಪ್ಪು ಜನ ಜಾಸ್ತಿ ಸತ್ತರು ಎಂದು ನಾವು ಬರೆದದ್ದನ್ನು ಓದಿ ಕೇಳಿದ್ದೀರಿ: ‘ರೋಗಕ್ಕೆ ಬಣ್ಣ ಕಾಣುತ್ತದೆಯೇ? ಅವರ ರಕ್ತದಲ್ಲೇ ಏನೋ ಕೊರತೆ ಇರಬೇಕು, ಅಲ್ವಾ?’

ರಕ್ತದ ಮಾತು ಬೇಡ ಮಾಸ್ತರರೇ. 2020ರ ಏಪ್ರಿಲ್‌ನಲ್ಲಿ ಶಿಕಾಗೋ ನಗರದ ಲೆಕ್ಕ ಹೊರಬಿತ್ತು. ಊರಲ್ಲಿ ಕಪ್ಪು ಜನ ನೂರಕ್ಕೆ ಸುಮಾರು 30. ಸತ್ತವರಲ್ಲಿ ಅವರು ನೂರಕ್ಕೆ ಸುಮಾರು 70. ಅವರಲ್ಲಿ ಎಷ್ಟೋ ಜನ ಬಸ್ ಓಡಿಸುವವರು, ಅಂಗಡಿಯಲ್ಲಿ ನಿಲ್ಲುವವರು, ಆಸ್ಪತ್ರೆಯ ನೆಲ ಒರೆಸುವವರು. ಮನೆಯಲ್ಲಿ ಕೂತು ಮಾಡುವ ಕೆಲಸವೇ ಇವು? ಬಿಪಿ, ಶುಗರ್ ಅವರಲ್ಲಿ ಜಾಸ್ತಿ, ಅದೂ ನಿಜ. ಅದಕ್ಕೂ ಹಿಂದಿನ ಕಥೆ ಇದೆ. 1930ರ ದಶಕದಲ್ಲಿ ಅಲ್ಲಿನ ಸರ್ಕಾರವೇ ಊರೂರಿನ ನಕ್ಷೆ ಮಾಡಿಸಿತು. ಕಪ್ಪು ಜನರ ಓಣಿಗಳಿಗೆ ಹೆಚ್ಚಾಗಿ ಕೆಂಪು ಬಳಿಸಿತು. ಕೆಂಪು ಬಿದ್ದಲ್ಲಿ ಮನೆಗೆ ಸಾಲ ಸಿಗುವುದು ಕಷ್ಟ. ಸಾಲ ಹೋಗದ ಓಣಿಗೆ ಒಳ್ಳೆಯ ಅಂಗಡಿ, ಒಳ್ಳೆಯ ಆಸ್ಪತ್ರೆ ಹೇಗೆ ಬಂದಾವು?

ನನ್ನ ನಿದ್ದೆ ಕೆಡಿಸಿದ್ದು ಬೇರೆಯೇ ಸಂಗತಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ನೆನಪಿದೆಯಲ್ಲ? ನಮ್ಮ ಆಶಾ ಕಾರ್ಯಕರ್ತೆಯರು ಹಿಡಿದು ಮನೆಮನೆ ತಿರುಗುತ್ತಿದ್ದರು. ಅದು ಚರ್ಮದ ಮೂಲಕ ಬೆಳಕು ಹಾಯಿಸಿ ಆಕ್ಸಿಜನ್ ಅಳೆಯುತ್ತದೆ. ಆಕ್ಸಿಜನ್ ಅಪಾಯದ ಮಟ್ಟಕ್ಕೆ ಇಳಿದಿದ್ದರೂ ಅದು ಸರಿಯಿದೆ ಎಂದು ತೋರಿಸಿದ್ದು ಕಪ್ಪು ರೋಗಿಗಳಲ್ಲಿ ಬಿಳಿಯರಿಗಿಂತ ಸುಮಾರು ಮೂರು ಪಟ್ಟು. 2020ರ ಡಿಸೆಂಬರ್‌ನಲ್ಲಿ ಮಿಷಿಗನ್‌ನ ವೈದ್ಯರು ಇದನ್ನು ಪ್ರಕಟಿಸಿದರು. ಉಸಿರು ಕಟ್ಟುತ್ತಿದೆ ಎನ್ನುವ ಮನುಷ್ಯ ಎದುರಿಗಿದ್ದಾನೆ. ಯಂತ್ರ ಮಾತ್ರ ಏನೂ ಆಗಿಲ್ಲ ಅನ್ನುತ್ತಿದೆ. ಸುಮ್ನೆ ಕಣ್ಣಿಗೆ ತಂದುಕೊಳ್ಳಿ.

ಈಗ ನಿಮ್ಮ ಪ್ರಶ್ನೆಯನ್ನೇ ನಮ್ಮ ಕಡೆ ತಿರುಗಿಸುತ್ತೇನೆ. 1918ರ ಇನ್‌ಫ್ಲುಯೆಂಜಾ ಬಂದಾಗ ಬೆಳಗಾವಿ, ಬಿಜಾಪುರ ಮುಂಬಯಿ ಪ್ರಾಂತದಲ್ಲಿದ್ದವು. ನಿಮ್ಮ ಜಮಖಂಡಿ ಸಂಸ್ಥಾನವಾಗಿತ್ತು. ಆಗ ಮುಂಬಯಿ ನಗರದಲ್ಲಿ ಯುರೋಪಿಯನ್ನರು ಸತ್ತದ್ದು ಸಾವಿರಕ್ಕೆ 8ರಷ್ಟು. ಕೆಳಜಾತಿ ಎನಿಸಿಕೊಂಡ ನಮ್ಮವರು ಸತ್ತದ್ದು ಸಾವಿರಕ್ಕೆ 61ಕ್ಕೂ ಮೇಲೆ. ಒಂದೇ ಖೋಲಿಯಲ್ಲಿ ಕಿಕ್ಕಿರಿದು ಬದುಕಿದ ಜನ ಅವರು. ಅವರ ರಕ್ತ ಕೆಟ್ಟಿತ್ತು ಎಂದು ಬರೆಯಲು ನಿಮಗೆ ಕೈ ಬರುತ್ತದೆಯೇ? ನನಗಂತೂ ಬರುವುದಿಲ್ಲ.

2020ರ ಬೇಸಿಗೆಯಲ್ಲಿ ಮಹಾರಾಷ್ಟ್ರಕ್ಕೆ ಗುಳೆ ಹೋಗಿ ಬಂದವರನ್ನು ನಿಮ್ಮ ಶಾಲೆಯಲ್ಲೇ ಕ್ವಾರಂಟೈನ್ ಇಟ್ಟಿದ್ದರು ಎಂದು ಪತ್ರದ ಕೊನೆಗೆ ಬರೆದಿದ್ದೀರಿ. ಅವರು ಅಲ್ಲಿ ಏನು ಕೆಲಸ ಮಾಡುತ್ತಿದ್ದರು? ಒಂದು ಖೋಲಿಯಲ್ಲಿ ಎಷ್ಟು ಜನ ಮಲಗುತ್ತಿದ್ದರು? ನೀರು ಎಲ್ಲಿಂದ ತರುತ್ತಿದ್ದರು? ಭೇಟಿಯಾಗಿ, ಕೇಳಿ, ಬರೆದು ಕಳಿಸುತ್ತೀರಾ? ಮುಂದಿನ ಸಂಚಿಕೆಯಲ್ಲಿ ಎರಡು ಪುಟ ತೆಗೆದಿಟ್ಟಿದ್ದೇನೆ.

ಸಂಪಾದಕ, ಬೆಳಗಾವಿ