ಹಲ್ಲಿನ ಎಕ್ಸ್‌ರೇಯಲ್ಲಿ ಕತ್ತಿನ ರಕ್ತನಾಳದ ಕ್ಯಾಲ್ಸಿಯಂ ಕಾಣುತ್ತಾ?

ಅಮ್ಮನಿಗೆ ಹಲ್ಲು ಕಟ್ಟಿಸೋಣ ಅಂತ ಓಪಿಜಿ (ಇಡೀ ದವಡೆಯ ಎಕ್ಸ್‌ರೇ) ತೆಗೆಸಿದರೆ, ದಂತವೈದ್ಯರು "ಕತ್ತಿನ ರಕ್ತನಾಳದಲ್ಲಿ ಕ್ಯಾಲ್ಸಿಯಂ ಇರೋ ಹಾಗಿದೆ, ಡಾಪ್ಲರ್ ಮಾಡಿಸಿ" ಅಂದರು. ಸುಮ್ನೆ ಖರ್ಚು ಮಾಡಿಸ್ತಿದ್ದಾರಾ ಅಂತ ಕೇಳಿದ್ದೀರಿ.

ಇಲ್ಲ, ನಿಜವಾಗಿಯೂ ಕಾಣುತ್ತದೆ. ನಾನು ದವಡೆಯ ಎಕ್ಸ್‌ರೇಗಳನ್ನೇ ಓದುವ ದಂತವೈದ್ಯೆ. ನಿಮ್ಮ ಡಾಕ್ಟರು ಹಲ್ಲು ನೋಡಿ ಫಿಲ್ಮ್ ಬದಿಗಿಟ್ಟಿಲ್ಲ, ಮೂಲೆಯನ್ನೂ ನೋಡಿದ್ದಾರೆ. ಅದು ಒಳ್ಳೆಯ ಡಾಕ್ಟರ ಲಕ್ಷಣ.

ಓಪಿಜಿ ಯಂತ್ರ ತಲೆಯ ಸುತ್ತ ತಿರುಗುತ್ತದಲ್ವಾ, ಆಗ ದವಡೆಯ ಜೊತೆ ಕತ್ತಿನ ಮೇಲ್ಭಾಗವೂ ಫಿಲ್ಮಿನ ಕೆಳಮೂಲೆಗಳಲ್ಲಿ ಬೀಳುತ್ತದೆ. ಮಿದುಳಿಗೆ ರಕ್ತ ಒಯ್ಯುವ ಕೆರೋಟಿಡ್ ನಾಳ ಕವಲೊಡೆಯುವುದು ಹೆಚ್ಚುಕಮ್ಮಿ ಅಲ್ಲೇ. ಆ ಕವಲಿನಲ್ಲಿ ಕೊಬ್ಬು ಕಟ್ಟುವುದು ಜಾಸ್ತಿ. ವರ್ಷ ಕಳೆದಂತೆ ಅದಕ್ಕೆ ಕ್ಯಾಲ್ಸಿಯಂ ಸೇರಿ ಗಟ್ಟಿಯಾಗುತ್ತದೆ. ಅಮೆರಿಕದ ಫ್ರೀಡ್‌ಲ್ಯಾಂಡರ್ ಮತ್ತು ಲ್ಯಾಂಡೆ 1981ರಲ್ಲೇ ಇದರ ಬಗ್ಗೆ ಬರೆದಿದ್ದರು.

ಫಿಲ್ಮ್ ಇದ್ದರೆ ಬೆಳಕಿಗೆ ಹಿಡಿಯಿರಿ. ಕೆಳದವಡೆ ಕಿವಿಯ ಕಡೆಗೆ ತಿರುಗುವ ಮೂಲೆ ಹುಡುಕಿ. ಅಲ್ಲಿಂದ ಸುಮಾರು 2 ಸೆಂಟಿಮೀಟರ್ ಕೆಳಗೆ, ಸ್ವಲ್ಪ ಹಿಂದೆ, ಕತ್ತಿನ 3 ಮತ್ತು 4ನೇ ಮೂಳೆಯ ಮಟ್ಟದಲ್ಲಿ ಚೂರುಚೂರಾದ ಬಿಳಿ ಕಲೆ ಇರಬೇಕು. ಅಂಚು ಒರಟು. ಕೆಲವರಲ್ಲಿ ಮೇಲಿಂದ ಕೆಳಕ್ಕೆ ಎರಡು ಗೆರೆಯ ಹಾಗೆ ಇರುತ್ತದೆ.

ಕಣ್ಣು ಮೋಸಹೋಗುವುದೂ ಇಲ್ಲೇ. ನಾಲಿಗೆಯ ಬುಡದ ಹಯಾಯ್ಡ್ ಮೂಳೆಯ ತುದಿ, ಗಟ್ಟಿಯಾದ ಹಳೆಯ ದುಗ್ಧಗ್ರಂಥಿಯ ಗಂಟು, ಜೊಲ್ಲಿನ ಗ್ರಂಥಿಯ ಕಲ್ಲು, ಎಲ್ಲವೂ ಆಸುಪಾಸಿನಲ್ಲೇ ಬೆಳ್ಳಗೆ ಕಾಣುತ್ತವೆ. ನನಗೆ ಜಾಸ್ತಿ ಕಾಟ ಕೊಡುವುದು ಟ್ರಿಟಿಷಿಯಸ್ ಎಂಬ ಪುಟ್ಟ ಮೃದ್ವಸ್ಥಿ. ಅಕ್ಕಿಕಾಳಿನಷ್ಟಿರುತ್ತದೆ, ಅಂಚು ನಯ, ಏನೂ ತೊಂದರೆಯಿಲ್ಲದ್ದು. ಅದಕ್ಕೇ ಓಪಿಜಿ ಒಂದನ್ನೇ ನೋಡಿ ನಾನು ರಿಪೋರ್ಟಿನಲ್ಲಿ "ಇರಬಹುದು" ಅಂತಲೇ ಬರೆಯುತ್ತೇನೆ.

ಖಚಿತವಾಗಲು ಡಾಪ್ಲರ್ ಬೇಕು. ಅದು ಕತ್ತಿಗೆ ಮಾಡುವ ಸ್ಕ್ಯಾನಿಂಗ್ ಅಷ್ಟೇ. ಸೂಜಿ ಇಲ್ಲ, ಎಕ್ಸ್‌ರೇ ಇಲ್ಲ. ನಾಳ ಎಷ್ಟು ಕಿರಿದಾಗಿದೆ ಅಂತ ತಿಳಿಯುತ್ತದೆ. ಓಪಿಜಿ ಅದನ್ನು ಹೇಳಲಾರದು. ಇನ್ನೊಂದು ಮಾತು: ಓಪಿಜಿಯಲ್ಲಿ ಏನೂ ಕಾಣದಿದ್ದರೆ ನಾಳ ಸ್ವಚ್ಛವಾಗಿದೆ ಎಂದಲ್ಲ. ಮೆತ್ತನೆಯ ಕೊಬ್ಬು ಅದರಲ್ಲಿ ಕಾಣುವುದೇ ಇಲ್ಲ. ಆದ್ದರಿಂದ ಇದಕ್ಕಾಗಿಯೇ ಮನೆಮಂದಿಗೆಲ್ಲ ಓಪಿಜಿ ತೆಗೆಸಬೇಡಿ.

ಫಿಲ್ಮ್ ತೆಗೆದುಕೊಂಡು ಫಿಜಿಷಿಯನ್ ಹತ್ತಿರ ಹೋಗಿ. ಬಿಪಿ, ಶುಗರ್, ಕೊಲೆಸ್ಟ್ರಾಲ್ ಜೊತೆಗೇ ನೋಡಿಸಿ. ನನ್ನ ಪ್ರಕಾರ ಡಾಪ್ಲರ್‌ಗಿಂತ ಇದು ಮುಖ್ಯ, ಯಾಕೆಂದರೆ ಕ್ಯಾಲ್ಸಿಯಂ ಕಂಡವರಲ್ಲಿ ಹೃದಯದ ನಾಳಗಳಲ್ಲೂ ತೊಂದರೆ ಇರಬಹುದು. ಎಲ್ಲರಿಗೂ ಆಪರೇಷನ್ ಬೇಕಾಗುವುದಿಲ್ಲ, ಎಷ್ಟೋ ಜನ ಮಾತ್ರೆಯಲ್ಲೇ ಇರುತ್ತಾರೆ. ಆದರೆ ಅಮ್ಮನಿಗೆ ಬಾಯಿ ಒಂದು ಕಡೆಗೆ ಎಳೆದರೆ, ಕೈ ಸೋತರೆ, ಮಾತು ತೊದಲಿದರೆ (ಇವು ಪಾರ್ಶ್ವವಾಯುವಿನ ಲಕ್ಷಣ), ಐದು ನಿಮಿಷದಲ್ಲಿ ಸರಿಹೋದರೂ ಸರಿ, ಅಪಾಯಿಂಟ್‌ಮೆಂಟ್ ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ರಕ್ತ ತೆಳುವಾಗುವ ಮಾತ್ರೆ ಕೊಟ್ಟರೆ ಹಲ್ಲು ಕೀಳಿಸುವ ಮೊದಲು ದಂತವೈದ್ಯರಿಗೆ ಹೇಳಿ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.