ಕೀಮೋ ನಡೆಯುತ್ತಿರುವಾಗ ಹಳೆಯ ಕುಡಿತದ ಅಭ್ಯಾಸವನ್ನು ಒಮ್ಮೆಲೇ ಬಿಡಬೇಕೇ, ಕಡಿಮೆ ಮಾಡಿದರೆ ಸಾಕೇ?

ತಮಗೆ 68 ವರ್ಷ, ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಕೀಮೋ ಆರಂಭವಾಗಿದೆ, ಮೂವತ್ತು ವರ್ಷಗಳಿಂದ ರಾತ್ರಿ ಊಟಕ್ಕೆ ಮುಂಚೆ ಒಂದು ಕ್ವಾರ್ಟರ್ ವಿಸ್ಕಿ ಕುಡಿಯುವ ರೂಢಿಯಿದೆ ಎಂದು ಬರೆದಿದ್ದೀರಿ. ನಾನು ವೈದ್ಯನಲ್ಲ, ನಿವೃತ್ತ ಬ್ಯಾಂಕ್ ನೌಕರ. ಗಂಟಲಿನ ಕ್ಯಾನ್ಸರ್‌ಗೆ ರೇಡಿಯೇಷನ್ ಮತ್ತು ಕೀಮೋ ಎರಡನ್ನೂ ಪಡೆದವನು. ಅದಕ್ಕೂ ಮುಂಚೆ ಹೆಚ್ಚುಕಡಿಮೆ ತಮ್ಮಷ್ಟೇ ಕುಡಿಯುತ್ತಿದ್ದವನು. ಪೂರ್ತಿ ಬಿಡುವುದೇ ಒಳ್ಳೆಯದು. ಆದರೆ ಪ್ರತಿದಿನ ಇಷ್ಟು ಕುಡಿಯುವವರು ವೈದ್ಯರಿಗೆ ತಿಳಿಸದೆ, ಮನೆಯಲ್ಲೇ ಹಟ ತೊಟ್ಟು, ಒಂದೇ ದಿನಕ್ಕೆ ನಿಲ್ಲಿಸಬಾರದು.

ಇದಕ್ಕೆ ಕಾರಣವಿದೆ. ವರ್ಷಗಟ್ಟಲೆ ಮದ್ಯಕ್ಕೆ ಒಗ್ಗಿಕೊಂಡ ಮೆದುಳಿಗೆ ಅದು ಏಕಾಏಕಿ ಸಿಗದಿದ್ದರೆ ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು, ಎದೆಬಡಿತ, ನಿದ್ರೆಯಿಲ್ಲದ ಚಡಪಡಿಕೆ ಶುರುವಾಗಬಹುದು. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಇಲ್ಲದ್ದು ಕಾಣಿಸುವ, ಹೊತ್ತುಗೊತ್ತು ತಿಳಿಯದ ಸನ್ನಿ ಹಿಡಿಯಬಹುದು. ಎಲ್ಲರಿಗೂ ಹೀಗಾಗುವುದಿಲ್ಲ, ಆದರೆ ವಯಸ್ಸಾದವರಿಗೆ ಅಪಾಯ ಹೆಚ್ಚು. ಕೀಮೋ ಪಡೆಯುತ್ತಿರುವವರಲ್ಲಿ ಇನ್ನೊಂದು ತೊಡಕಿದೆ: ವಾಂತಿ, ನಡುಕ, ಗೊಂದಲ ಇವೆಲ್ಲ ಔಷಧದ ಪರಿಣಾಮವೆಂದೇ ಮನೆಯವರು ಭಾವಿಸಿ ಸುಮ್ಮನಿದ್ದುಬಿಡುತ್ತಾರೆ. ಶಸ್ತ್ರಚಿಕಿತ್ಸೆಗೆ ದಾಖಲಾದಾಗಲೂ ಕುಡಿತ ತಾನಾಗಿಯೇ ನಿಂತುಹೋಗುವುದರಿಂದ, ಅರಿವಳಿಕೆ ಕೊಡುವ ವೈದ್ಯರಿಗೆ ಈ ವಿಷಯ ಮುಂಚಿತವಾಗಿ ತಿಳಿದಿರಲೇಬೇಕು.

‘ಎಷ್ಟು ಕುಡಿಯುತ್ತೀರಿ’ ಎಂದು ಕೇಳಿದರೆ ನಮ್ಮ ವಯಸ್ಸಿನ ಗಂಡಸರು ‘ಅಪರೂಪಕ್ಕೆ ಸ್ವಲ್ಪ’ ಎನ್ನುವುದೇ ಹೆಚ್ಚು, ಅದರಲ್ಲೂ ಮಗಳೋ ಸೊಸೆಯೋ ಪಕ್ಕದಲ್ಲಿ ಕುಳಿತಿದ್ದರೆ ಆ ‘ಸ್ವಲ್ಪ’ ಇನ್ನೂ ಕುಗ್ಗುತ್ತದೆ. ಆದ್ದರಿಂದ ಅಳತೆಯನ್ನೇ ಹೇಳಿಬಿಡುವುದು ಮೇಲು. ಕ್ವಾರ್ಟರ್ ಎಂದರೆ 180 ಮಿಲಿ. ನಮ್ಮಲ್ಲಿ ಸಿಗುವ ವಿಸ್ಕಿಯಲ್ಲಿ ಸಾಮಾನ್ಯವಾಗಿ ಶೇ. 42.8ರಷ್ಟು ಆಲ್ಕೋಹಾಲ್ ಇರುವುದರಿಂದ, ಅದು ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್ ಆಗುತ್ತದೆ. ವಿಸ್ಕಿ ಬಿಟ್ಟು ಬಿಯರ್‌ಗೆ ಬಂದರೆ ಹಗುರವಾಯಿತೆಂದು ಅನೇಕರು ಸಮಾಧಾನಪಟ್ಟುಕೊಳ್ಳುತ್ತಾರೆ, ಆದರೆ ಶೇ. 8ರ 650 ಮಿಲಿ ಸ್ಟ್ರಾಂಗ್ ಬಿಯರ್ ಬಾಟಲಿಯೊಂದರಲ್ಲಿ ಎರಡು ಲಾರ್ಜ್ (ತಲಾ 60 ಮಿಲಿ) ವಿಸ್ಕಿಯಷ್ಟೇ ಆಲ್ಕೋಹಾಲ್ ಇರುತ್ತದೆ. ವೈನ್‌ಗೂ ವಿನಾಯಿತಿಯಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1988ರಲ್ಲೇ ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದವುಗಳ ಗುಂಪಿಗೆ, ಸೇರಿಸಿದ್ದು ಬ್ರ್ಯಾಂಡು ನೋಡಿ ಅಲ್ಲ.

ತಮಗೆ ಕೊಡುತ್ತಿರುವ ಔಷಧ ಯಾವುದೆಂದು ಬರೆದಿಲ್ಲ. ದೊಡ್ಡ ಕರುಳಿಗೆ ಸಾಮಾನ್ಯವಾಗಿ ಬಳಸುವ ಆಕ್ಸಾಲಿಪ್ಲಾಟಿನ್ ಅದರಲ್ಲಿದ್ದರೆ ಬೆರಳುಗಳಲ್ಲಿ ಜುಮುಗುಟ್ಟುವಿಕೆ ಬರುತ್ತದೆ, ತಣ್ಣನೆಯದನ್ನು ಕುಡಿದರೆ ಗಂಟಲು ಹಿಡಿದುಕೊಂಡಂತಾಗುತ್ತದೆ. ದೀರ್ಘಕಾಲದ ಕುಡಿತವೂ ಅದೇ ನರಗಳನ್ನು ಕೆಡಿಸುತ್ತದೆ. ಕ್ಯಾಪೆಸಿಟಬೀನ್ ಎಂಬ ಕೀಮೋ ಮಾತ್ರೆಯಿಂದ ಭೇದಿಯಾಗುತ್ತಿದ್ದರೆ, ಮದ್ಯ ಸೇರಿದಾಗ ದೇಹದ ನೀರಿನಂಶ ಇನ್ನೂ ಇಳಿಯುತ್ತದೆ. ನೋವಿಗೆ ಮಾರ್ಫಿನ್ ಆರಂಭಿಸಿದ್ದರೆ ಕುಡಿತವು ಉಸಿರಾಟಕ್ಕೇ ಕುತ್ತು ತರಬಲ್ಲದು. ‘ಒಂದು ಪೆಗ್ ಹಾಕಿದರೆ ಹಸಿವಾಗುತ್ತದೆ’ ಎಂಬ ಮಾತನ್ನು ಆಸ್ಪತ್ರೆಯ ಕಾರಿಡಾರಿನಲ್ಲೂ ಕೇಳಿದ್ದೇನೆ. ರೇಡಿಯೇಷನ್‌ನಿಂದ ಬಾಯಿ ಹುಣ್ಣಾಗಿದ್ದ ನನಗೆ ಆ ಸಲಹೆ ಕೊಟ್ಟವರು ಒಮ್ಮೆ ಆ ಬಾಯಿಯೊಳಗೆ ನೋಡಬೇಕಿತ್ತು.

ನನ್ನ ವಿಷಯದಲ್ಲಿ ಕ್ಯಾನ್ಸರ್ ವೈದ್ಯರೇ ಚಿಕಿತ್ಸೆಗೆ ಮುನ್ನ ಮನೋವೈದ್ಯರೊಬ್ಬರ ಬಳಿ ಕಳುಹಿಸಿದರು. ಅವರು ಥಯಾಮಿನ್, ಅಂದರೆ ಬಿ1 ಜೀವಸತ್ವವನ್ನು ಮೊದಲು ಕೊಟ್ಟರು. ಕುಡಿಯುವವರಲ್ಲಿ ಅದು ಕಡಿಮೆಯಿರುತ್ತದೆ, ವಾಂತಿಯಾಗಿ ಊಟ ಬಿಟ್ಟರೆ ಇನ್ನೂ ಇಳಿದು ಮೆದುಳಿಗೆ ಹಾನಿಯಾಗಬಹುದು. ನಡುಕ ತಡೆಯುವ ಮಾತ್ರೆಯನ್ನು ಅಲ್ಪಾವಧಿಗೆ ಬರೆದು, ಕುಡಿತದ ಪ್ರಮಾಣವನ್ನು ಹಂತಹಂತವಾಗಿ ಇಳಿಸುವ ಪಟ್ಟಿಯನ್ನೂ ಕೊಟ್ಟರು. ಆ ಮಾತ್ರೆಯ ಹೆಸರನ್ನು ಉದ್ದೇಶಪೂರ್ವಕವಾಗಿ ಬರೆಯುತ್ತಿಲ್ಲ, ಏಕೆಂದರೆ ಅದನ್ನೂ ಮದ್ಯವನ್ನೂ ಸ್ವಂತ ಲೆಕ್ಕದಲ್ಲಿ ಬೆರೆಸುವುದು ಇನ್ನೊಂದು ಅಪಾಯ. ಕುಡಿಯುವ ಆಸೆಯನ್ನು ತಗ್ಗಿಸುವ ನಾಲ್ಟ್ರೆಕ್ಸೋನ್ ಎಂಬ ಔಷಧವಿದೆ. ಅದು ಮಾರ್ಫಿನ್ ಕೆಲಸ ಮಾಡದಂತೆ ತಡೆಯುವುದರಿಂದ, ಇಬ್ಬರು ವೈದ್ಯರಿಗೂ ಪರಸ್ಪರರ ಚೀಟಿಯನ್ನು ತೋರಿಸಬೇಕು.

ಇಳಿಸುವ ದಿನಗಳಲ್ಲಿ ನನಗೆ ನಿಜವಾಗಿ ನೆರವಾದದ್ದು ಮನೆಯಲ್ಲಿ ಫುಲ್ ಬಾಟಲಿ ಇಡದಿದ್ದುದು. ಆ ದಿನಕ್ಕೆ ಪಟ್ಟಿಯಲ್ಲಿದ್ದಷ್ಟನ್ನು ಮಾತ್ರ ಅಳೆದು, ಊಟಕ್ಕೆ ಮುಂಚೆ ಅಲ್ಲ, ಊಟವಾದ ಮೇಲೆ ಕುಡಿಯುತ್ತಿದ್ದೆ. ಹೊಟ್ಟೆ ತುಂಬಿದ್ದರೆ ಎರಡನೆಯ ಗ್ಲಾಸಿನ ಸೆಳೆತ ಅಷ್ಟಿರುವುದಿಲ್ಲ. ಸಂಜೆ ಏಳರ ಹೊತ್ತು ಮಾತ್ರ ಬಹಳ ಕಾಡಿತು. ಊಟವನ್ನೇ ಆ ಹೊತ್ತಿಗೆ ತಂದುಕೊಂಡೆವು. ನನ್ನ ಹೆಂಡತಿ ಬಾಟಲಿ ಬಚ್ಚಿಡಲಿಲ್ಲ, ಬೈಯಲೂ ಇಲ್ಲ. ಅಳತೆಯನ್ನು ಕ್ಯಾಲೆಂಡರಿನಲ್ಲಿ ಬರೆಯುವ ಕೆಲಸವನ್ನು ತಾನೇ ವಹಿಸಿಕೊಂಡಳು. ಕುಡಿಯದೆ ನಿದ್ರೆ ಬರುವುದಿಲ್ಲವೆಂಬ ಭಯ ತಮಗೂ ಇರಬಹುದು. ಮದ್ಯ ಬೇಗ ನಿದ್ರೆ ತರಿಸಿದರೂ ನಡುರಾತ್ರಿ ಎಬ್ಬಿಸುತ್ತದೆ. ಬಿಟ್ಟ ಆರಂಭದ ವಾರಗಳು ಕಷ್ಟವೇ, ಆಮೇಲೆ ನಿದ್ರೆ ಮೊದಲಿಗಿಂತ ಸುಧಾರಿಸಿತು.

ಬೆಂಗಳೂರಿಗೆ ಬರಲು ಸಾಧ್ಯವಿದ್ದರೆ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ. ಸಾಧ್ಯವಿಲ್ಲದಿದ್ದರೆ 14416, ಅಂದರೆ ಟೆಲಿ ಮಾನಸ್ ಸಹಾಯವಾಣಿಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಮುಂದಿನ ಕೀಮೋಗೆ ಹೋಗುವಾಗ ಒಂದು ಚೀಟಿಯಲ್ಲಿ ದಿನದ ಪ್ರಮಾಣ, ಕೊನೆಯ ಬಾರಿ ಕುಡಿದ ಹೊತ್ತು, ಹಿಂದೆ ನಿಲ್ಲಿಸಿದಾಗ ನಡುಕ ಅಥವಾ ಫಿಟ್ಸ್ ಬಂದಿತ್ತೇ ಎಂಬುದನ್ನು ಬರೆದುಕೊಂಡು ಹೋಗಿ. ಮಕ್ಕಳೆದುರು ಹೇಳಲು ಸಂಕೋಚವಾದರೆ, ರಕ್ತದೊತ್ತಡ ನೋಡಲು ಬರುವ ನರ್ಸ್ ಕೈಗೆ ಆ ಚೀಟಿಯನ್ನು ಕೊಡಿ; ಅವರು ಅದನ್ನು ವೈದ್ಯರ ಫೈಲಿಗೆ ಸೇರಿಸುತ್ತಾರೆ.