ಸೀಸನ್ ಮುಗಿದ ಮೇಲೆ ಕಡಲತೀರದ ಸಣ್ಣ ಊರಲ್ಲಿ ಬೇಜಾರಾಗುತ್ತದಾ?

ಮನೆಯಿಂದಲೇ ಕೆಲಸ ಮಾಡುತ್ತೀರಿ, ಕಡಲತೀರದ ಸಣ್ಣ ಊರಿಗೆ ಬಂದು ನೆಲೆಸಬೇಕು ಅಂತಿದ್ದೀರಿ, ಪ್ರವಾಸಿಗರು ಇಲ್ಲದ ತಿಂಗಳುಗಳಲ್ಲಿ ಬೇಜಾರಾಗುತ್ತದಾ ಅಂತ ಕೇಳಿದ್ದೀರಿ. ನಾನಿರುವುದು ಇಂಥದ್ದೇ ಊರಲ್ಲಿ. ಬೇಜಾರಿನ ಚಿಂತೆ ಬಿಡಿ, ಮನೆಯ ಬಗ್ಗೆ ಯೋಚಿಸಿ.

ಸೀಸನ್ ಮುಗಿದ ಕೂಡಲೇ ಬಾಡಿಗೆ ಮನೆ ಸುಲಭವಾಗಿ ಸಿಗುತ್ತದೆ, ಅದೂ ಕಡಿಮೆಗೆ. ಆದರೆ ಪ್ರವಾಸಿಗರು ಬರುವ ಹೊತ್ತಿಗೆ ಎಷ್ಟೋ ಮಾಲೀಕರು ಖಾಲಿ ಮಾಡಿ ಅನ್ನುತ್ತಾರೆ, ದಿನದ ಲೆಕ್ಕದಲ್ಲಿ ಕೊಟ್ಟರೆ ಜಾಸ್ತಿ ದುಡ್ಡು ಬರುತ್ತದಲ್ವಾ. ಹೋಟೆಲುಗಳಲ್ಲಿ ದುಡಿಯುವ ಇಲ್ಲಿನವರೇ ಇದರಿಂದ ವರ್ಷ ವರ್ಷ ಗಂಟುಮೂಟೆ ಕಟ್ಟುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಪೂರ್ತಿ ವರ್ಷದ ಕರಾರು ಕೈಗೆ ಬರದೆ ಸಾಮಾನು ಸಾಗಿಸಬೇಡಿ.

ಸಮುದ್ರಕ್ಕೆ ಎದುರಾಗಿರುವ ಮನೆಯೂ ಬೇಡ. ಕಡಲಿಂದ ಹಾರಿ ಬರುವ ಉಪ್ಪು, ಗಾಳಿಯಲ್ಲಿರುವ ತೇವವನ್ನು ಹೀರುತ್ತದೆ, ಹಾಗಾಗಿ ಅದು ಕೂತ ಜಾಗ ಸರಿಯಾಗಿ ಒಣಗುವುದೇ ಇಲ್ಲ. ಕಿಟಕಿ ಸರಳು, ಬಾಗಿಲ ತಿರುಗಣಿ, ಬೈಕಿನ ಚೈನು, ಎಲ್ಲದಕ್ಕೂ ತುಕ್ಕು. ಒಂದೆರಡು ಬೀದಿ ಹಿಂದಿದ್ದರೆ ವಾಸಿ.

ಸಮುದ್ರವನ್ನು ನಿಜವಾಗಿ ನೋಡುವುದಾದರೆ ಈಗಲೇ ನೋಡಬೇಕು. ಬಿರುಗಾಳಿ ಕಾಲದ ದೊಡ್ಡ ಅಲೆಗಳು ದಡದ ಮರಳನ್ನು ಎಳೆದುಕೊಂಡು ಹೋಗಿ, ಸ್ವಲ್ಪ ದೂರದಲ್ಲಿ ನೀರಿನಡಿ ದಿಬ್ಬ ಮಾಡುತ್ತವೆ. ಬೀಚು ಕಿರಿದಾಗುತ್ತದೆ, ಅಡಿಯ ಕಲ್ಲು ಮೇಲೆ ಕಾಣುತ್ತದೆ, ಹೊಸಬರು ಬೀಚೇ ಹೋಯಿತು ಅಂತ ಗಾಬರಿಯಾಗುತ್ತಾರೆ. ಅಲೆ ಇಳಿದ ಮೇಲೆ ಅದೇ ಮರಳು ನಿಧಾನಕ್ಕೆ ದಡಕ್ಕೆ ಮರಳುತ್ತದೆ, ಎಲ್ಲ ವರ್ಷವೂ ಪೂರ್ತಿ ಅಲ್ಲ. ದಿನಾ ಸಂಜೆ ಹೋಗಿ ಇವತ್ತು ದಡ ಎಲ್ಲಿಗೆ ಬಂದಿದೆ ಅಂತ ನೋಡುವುದು ನನಗೆ ತುಂಬಾ ಇಷ್ಟ. ಆದರೆ ದಯವಿಟ್ಟು ನೀರಿಗೆ ಇಳಿಯಬೇಡಿ. ಆ ದಿಬ್ಬಗಳ ನಡುವಿನ ಸಂದಿಯಲ್ಲೇ ನೀರು ರಭಸವಾಗಿ ದಡದಿಂದ ದೂರ ಕಡಲಿನ ಕಡೆಗೆ ಎಳೆಯುವುದು, ಈ ತಿಂಗಳುಗಳಲ್ಲಿ ಲೈಫ್‌ಗಾರ್ಡ್ ಕೂಡ ಇರುವುದಿಲ್ಲ.

ಬಸ್ಸು ಕಡಿಮೆ, ಅರ್ಧ ಅಂಗಡಿಗಳಿಗೆ ಬೀಗ, ಅದು ಅಭ್ಯಾಸವಾಗುತ್ತದೆ.

ಜನರ ವಿಷಯಕ್ಕೆ ಬಂದರೆ, ಸೀಸನ್ನಿನಲ್ಲಿ ಯಾರಿಗೂ ನಿಂತು ಮಾತಾಡಲು ಪುರುಸೊತ್ತಿಲ್ಲ, ವರ್ಷದ ದುಡಿಮೆಯೆಲ್ಲ ಕೆಲವೇ ತಿಂಗಳಲ್ಲಿ ಆಗಬೇಕು. ಈಗ ದೋಣಿ ರಿಪೇರಿ, ಬಣ್ಣ ಬಳಿಯುವುದು, ಮನೆಯ ಶುಭಕಾರ್ಯ. ಸುಮ್ನೆ ಹೋಗಿ ಕೈ ಜೋಡಿಸಿ. ನನಗೆ ಗೆಳೆಯರು ಸಿಕ್ಕಿದ್ದೆಲ್ಲ ಹೀಗೇ.

ಅಡ್ವಾನ್ಸ್ ಕೊಡುವ ಮೊದಲು, ಹವಾಮಾನ ತೀರಾ ಕೆಟ್ಟಿರುವಾಗ ಬಂದು ಎರಡು ಮೂರು ವಾರ ಇದ್ದು ನೋಡಿ. ಕರೆಂಟು, ಇಂಟರ್ನೆಟ್ ನಿಲ್ಲುತ್ತವಾ, ರಾತ್ರಿ ಹೊತ್ತು ಡಾಕ್ಟರ್ ಎಲ್ಲಿ ಸಿಗುತ್ತಾರೆ, ಇವೆರಡನ್ನು ಮೊದಲು ವಿಚಾರಿಸಿ.